ಯುಜುರು ಹನ್ಯು ಮತ್ತೆ ಐಸ್‌ಗೆ: ತುಮಕೂರಿನ ಅಭಿಮಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಡಿಸೆಂಬರ್ 20, 2020

ಹತ್ತು ತಿಂಗಳಾದ ಮೇಲೆ ಜಪಾನಿನ ಫಿಗರ್ ಸ್ಕೇಟರ್ ಯುಜುರು ಹನ್ಯು ಸ್ಪರ್ಧೆಗೆ ಇಳಿಯುತ್ತಿದ್ದಾರೆ. ಜಪಾನ್ ರಾಷ್ಟ್ರೀಯ ಚಾಂಪಿಯನ್‌ಷಿಪ್, ನಾಗಾನೊ ನಗರ, ಡಿಸೆಂಬರ್ 25 ಮತ್ತು 26. ತುಮಕೂರಿನಲ್ಲಿ ನಾವು ಅಭಿಮಾನಿಗಳು ಇರುವುದೇ ಬೆರಳೆಣಿಕೆಯಷ್ಟು. ಆದರೆ ಲಾಕ್‌ಡೌನ್‌ನಲ್ಲಿ ಮನೆಯವರೆಲ್ಲ ನಮ್ಮ ಜೊತೆ ಕೂತು ಹಳೆಯ ವಿಡಿಯೊ ನೋಡಿದ್ದರಿಂದ ಬಳಗ ಸ್ವಲ್ಪ ದೊಡ್ಡದಾಗಿದೆ. ಹೊಸಬರು, ಮನೆಯ ಹಿರಿಯರು, ಪಕ್ಕದ ಮನೆಯವರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಯಾರು ಈ ಹನ್ಯು? ಅಷ್ಟೊಂದು ಯಾಕೆ ಹಚ್ಚಿಕೊಂಡಿದ್ದೀರಿ?

ಫಿಗರ್ ಸ್ಕೇಟಿಂಗ್ ಅಂದರೆ ಮಂಜುಗಡ್ಡೆಯ ಅಂಗಳದಲ್ಲಿ ಸಂಗೀತಕ್ಕೆ ತಕ್ಕಂತೆ ಜಾರುತ್ತ, ಹಾರುತ್ತ, ಸುತ್ತುತ್ತ ಮಾಡುವ ಆಟ. ಹನ್ಯು ಅದರಲ್ಲಿ ಎರಡು ಸಲ ಒಲಿಂಪಿಕ್ ಚಿನ್ನ ಗೆದ್ದವರು. 2014ರಲ್ಲಿ ರಷ್ಯಾದ ಸೋಚಿ, 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೋಂಗ್‌ಚಾಂಗ್. ಪುರುಷರಲ್ಲಿ ಅವರಿಗಿಂತ ಮುಂಚೆ ಕೊನೆಯದಾಗಿ ಸತತ ಎರಡು ಒಲಿಂಪಿಕ್ಸ್ ಗೆದ್ದವರು ಅಂದರೆ 1948 ಮತ್ತು 1952ರಲ್ಲಿ ಅಮೆರಿಕದ ಡಿಕ್ ಬಟನ್. ನಡುವೆ ಅರವತ್ತಾರು ವರ್ಷ. ಈ ಆಟದ ಪುರುಷರ ವಿಭಾಗದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಮೊದಲ ಏಷ್ಯಾದವರೂ ಇವರೇ.

ಹುಟ್ಟಿದ್ದು 1994ರ ಡಿಸೆಂಬರ್ 7, ಜಪಾನಿನ ಸೆಂಡೈ ನಗರದಲ್ಲಿ. ಅಕ್ಕ ಸ್ಕೇಟಿಂಗ್ ಕಲಿಯಲು ಹೋಗುತ್ತಿದ್ದಳು, ಅವಳ ಹಿಂದೆ ನಾಲ್ಕು ವರ್ಷದ ತಮ್ಮನೂ ಹೋದ. ಚಿಕ್ಕಂದಿನಿಂದಲೂ ಅಸ್ತಮಾ ಇದೆ. ಐಸ್ ಅಂಗಳದ ಒಣ ತಣ್ಣನೆ ಗಾಳಿಯಲ್ಲಿ ನಾಲ್ಕು ನಿಮಿಷ ಉಸಿರು ಬಿಗಿಹಿಡಿದು ಆಡುವುದು ಅಸ್ತಮಾ ಇರುವವರಿಗೆ ಎಂಥ ಕೆಲಸ ಅಂತ ನಮ್ಮ ಮನೆಗಳಲ್ಲೇ ಇನ್‌ಹೇಲರ್ ಇಟ್ಟುಕೊಂಡವರಿಗೆ ಗೊತ್ತು.

2011ರ ಮಾರ್ಚ್ 11ರಂದು ಭೂಕಂಪ ಬಂದಾಗ ಹದಿನಾರು ವರ್ಷದ ಹನ್ಯು ಸೆಂಡೈನ ರಿಂಕ್‌ನಲ್ಲೇ, ಅಂದರೆ ಐಸ್ ಅಂಗಳದಲ್ಲೇ, ಅಭ್ಯಾಸ ಮಾಡುತ್ತಿದ್ದರು. ಸ್ಕೇಟ್ಸ್ ಬಿಚ್ಚಲೂ ಆಗಲಿಲ್ಲ, ಕಾಲಲ್ಲಿ ಹಾಗೇ ಇಟ್ಟುಕೊಂಡು ಹೊರಗೆ ಓಡಿದರು. ಕುಟುಂಬ ಕೆಲವು ದಿನ ಪರಿಹಾರ ಶಿಬಿರದಲ್ಲಿತ್ತು. ರಿಂಕ್ ಮುಚ್ಚಿತು. ಆ ವರ್ಷ ಊರೂರಿನ ಐಸ್ ಶೋಗಳಲ್ಲಿ ಆಡುತ್ತ, ಅಲ್ಲಿ ಸಿಕ್ಕ ಐಸ್‌ನಲ್ಲೇ ಅಭ್ಯಾಸ ಮಾಡಿಕೊಂಡರು. ಸುಮಾರು 60 ಶೋ. ಆಮೇಲೆ ತಮ್ಮ ಪುಸ್ತಕದ ಗೌರವಧನವನ್ನು ಅದೇ ಸೆಂಡೈ ರಿಂಕ್‌ಗೆ ಕೊಟ್ಟರು. ಹಚ್ಚಿಕೊಳ್ಳಲು ಪದಕಗಳಷ್ಟೇ ಕಾರಣವಲ್ಲ.

ಕೊನೆಯ ಸಲ ಸ್ಪರ್ಧೆಯಲ್ಲಿ ನೋಡಿದ್ದು ಯಾವಾಗ?

ಈ ವರ್ಷ ಫೆಬ್ರವರಿಯಲ್ಲಿ, ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ನಡೆದ ಫೋರ್ ಕಾಂಟಿನೆಂಟ್ಸ್ (ಯುರೋಪ್ ಬಿಟ್ಟು ಉಳಿದ ಖಂಡಗಳವರ) ಚಾಂಪಿಯನ್‌ಷಿಪ್‌ನಲ್ಲಿ. ಒಟ್ಟು 299.42 ಅಂಕ ಪಡೆದು ಗೆದ್ದರು. ಮೊದಲ ದಿನದ ಚಿಕ್ಕ ಆಟವಾದ ಶಾರ್ಟ್ ಪ್ರೋಗ್ರಾಂನಲ್ಲಿ ಬಂದ 111.82 ಆಗಿನ ವಿಶ್ವ ದಾಖಲೆ. ಜೂನಿಯರ್ ಮತ್ತು ಸೀನಿಯರ್ ಮಟ್ಟದ ದೊಡ್ಡ ಅಂತರರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅವರ ಕೈಗೆ ಸಿಗದೆ ಉಳಿದಿದ್ದು ಅದೊಂದೇ. ಅದೂ ಸಿಕ್ಕಿತು.

ಮುಂದಿನದು ಮಾರ್ಚ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನ ವಿಶ್ವ ಚಾಂಪಿಯನ್‌ಷಿಪ್. ಅದನ್ನು ರದ್ದು ಮಾಡಿದ ಸುದ್ದಿ ಬಂದಿದ್ದು ಮಾರ್ಚ್ 11ಕ್ಕೆ. ಭೂಕಂಪದ ದಿನವೇ, ಒಂಬತ್ತು ವರ್ಷದ ಮೇಲೆ.

ಅಲ್ಲಿಂದ ಇಲ್ಲಿಯವರೆಗೆ ಯಾಕೆ ಆಡಲಿಲ್ಲ? ಬೇರೆಯವರು ಆಡಿದರಲ್ಲ?

ನಮಗೆ ಜಾಸ್ತಿ ಬರುವ ಪ್ರಶ್ನೆ ಇದೇ.

ಪ್ರತಿ ವರ್ಷ ಅಕ್ಟೋಬರ್‌ನಿಂದ ಗ್ರ್ಯಾನ್ ಪ್ರಿ ಸರಣಿ ನಡೆಯುತ್ತದೆ. ಒಂದೊಂದು ವಾರ ಒಂದೊಂದು ದೇಶ. ಈ ವರ್ಷ ಗಡಿಗಳು ಮುಚ್ಚಿದ್ದರಿಂದ ಆಯಾ ದೇಶದವರು, ಅಲ್ಲೇ ಅಭ್ಯಾಸ ಮಾಡುತ್ತಿರುವವರು ಮಾತ್ರ ಆಡುವ ಹಾಗೆ ಬದಲಾಯಿಸಿದರು. ಅಮೆರಿಕ, ಚೀನಾ, ರಷ್ಯಾ, ಜಪಾನ್‌ಗಳಲ್ಲಿ ನಡೆಯಿತು. ಕೆನಡಾ ಮತ್ತು ಫ್ರಾನ್ಸ್‌ನಲ್ಲಿ ರದ್ದಾಯಿತು. ಹನ್ಯು ಆಗಸ್ಟ್ ಕೊನೆಯಲ್ಲೇ ಈ ಸರಣಿಯಿಂದ ಹಿಂದೆ ಸರಿದರು.

ಅಸ್ತಮಾ ಇರುವುದರಿಂದ ಸೋಂಕು ತಗುಲಿದರೆ ಅಪಾಯ ಜಾಸ್ತಿ. ಇದು ಒಂದು ಕಾರಣ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಹನ್ಯು ಹೇಳಿದ ಇನ್ನೊಂದು ಮಾತು. ನಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಟರೆ ನನ್ನ ಹಿಂದೆ ಜನ ಸೇರುತ್ತಾರೆ, ಆಟಗಾರರು, ಸಿಬ್ಬಂದಿ, ಪತ್ರಕರ್ತರು, ಅಭಿಮಾನಿಗಳು ಎಲ್ಲರಿಗೂ ಸೋಂಕಿನ ಅಪಾಯ ಆಗಬಹುದು, ಅದನ್ನು ತಡೆಯುವುದೂ ನನ್ನ ಕೆಲಸ ಎಂಬ ಅರ್ಥದಲ್ಲಿ ಅವರು ಹೇಳಿದರು. ಅದು ದೊಡ್ಡಸ್ತಿಕೆಯ ಮಾತಲ್ಲ. ಹನ್ಯು ಆಡುವ ಕಡೆಗೆ ಬೇರೆ ಬೇರೆ ದೇಶಗಳಿಂದ ಅಭಿಮಾನಿಗಳು ವಿಮಾನ ಹತ್ತಿ ಬರುತ್ತಾರೆ. ಬರೀ ಅಭ್ಯಾಸ ನೋಡಲಿಕ್ಕೂ ಗ್ಯಾಲರಿ ತುಂಬುತ್ತದೆ. ಸಿದ್ಧಗಂಗೆಯ ಜಾತ್ರೆ ನೋಡಿದ ನಮ್ಮೂರಿನವರಿಗೆ ಒಬ್ಬರ ಮೇಲಿನ ಪ್ರೀತಿಗೆ ಜನ ಹೇಗೆ ಸೇರುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅಂದರೆ ಹೆದರಿ ಮನೆಯಲ್ಲಿ ಕೂತರು ಅಂತ ತಾನೆ?

ಅಲ್ಲ. ಈ ಮಾತು ಕೇಳಿದರೆ ನಿಜಕ್ಕೂ ಬೇಜಾರಾಗುತ್ತದೆ. 2014ರ ನವೆಂಬರ್‌ನಲ್ಲಿ ಚೀನಾದ ಸ್ಪರ್ಧೆಯಲ್ಲಿ ವಾರ್ಮ್ ಅಪ್ ಮಾಡುವಾಗ ಇನ್ನೊಬ್ಬ ಸ್ಕೇಟರ್‌ಗೆ ಡಿಕ್ಕಿ ಹೊಡೆದು, ತಲೆಗೆ ಬ್ಯಾಂಡೇಜ್ ಸುತ್ತಿಕೊಂಡೇ ಆಡಿದವರು ಇವರು. ಐದು ಸಲ ಬಿದ್ದರು, ಐದು ಸಲವೂ ಎದ್ದರು, ಎರಡನೇ ಸ್ಥಾನ ಪಡೆದರು. ಆವತ್ತು ಆಡಬಾರದಿತ್ತು ಅಂತ ನನ್ನ ಅಭಿಪ್ರಾಯ. ತಲೆಗೆ ಪೆಟ್ಟಾದವರನ್ನು ಐಸ್‌ಗೆ ಬಿಡುವುದೇ ತಪ್ಪು. ಆದರೆ ಅಂಥವರನ್ನು ಹೆದರಿದರು ಅನ್ನಲು ಆಗುವುದಿಲ್ಲ, ಅಲ್ವಾ?

ತನ್ನ ಮೈಗೆ ನೋವಾಗುವುದಾದರೆ ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇರೆಯವರಿಗೆ ಆಗುತ್ತದೆ ಎಂದಾಗ ನಿಂತರು. ಇಪ್ಪತ್ತೈದು ದಾಟಿದ ಆಟಗಾರನಿಗೆ ಸ್ಪರ್ಧೆಗಳ ಒಂದು ಋತು ಅಂದರೆ ಸಣ್ಣದಲ್ಲ. ಸ್ಕೇಟರ್‌ಗಳ ಒಳ್ಳೆಯ ವರ್ಷಗಳು ಕಡಿಮೆ. ಅದರಲ್ಲಿ ಅರ್ಧ ಋತುವನ್ನು ಬಿಟ್ಟುಕೊಟ್ಟಿದ್ದಾರೆ. ನಾವು ಕಾಯುವುದು ಅದಕ್ಕೆ ಕೊಡುವ ಮರ್ಯಾದೆ ಅಂತ ನಾನು ತಿಳಿದಿದ್ದೇನೆ.

ಕೊರೊನಾ ಇನ್ನೂ ಹೋಗಿಲ್ಲ. ಈಗ ಯಾಕೆ ಬರುತ್ತಿದ್ದಾರೆ?

ಮುಂದಿನ ಮಾರ್ಚ್ 22ರಿಂದ 28ರವರೆಗೆ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಇದೆ. ಜಪಾನ್‌ಗೆ ಪುರುಷರಲ್ಲಿ ಮೂರು ಸ್ಥಾನ. ಯಾರು ಹೋಗಬೇಕು ಅಂತ ತೀರ್ಮಾನಿಸುವ ಮುಖ್ಯ ಸ್ಪರ್ಧೆಯೇ ಈ ರಾಷ್ಟ್ರೀಯ ಚಾಂಪಿಯನ್‌ಷಿಪ್. ದೇಶ ದಾಟಿ ಹೋಗಬೇಕಾಗಿಲ್ಲ, ಪ್ರೇಕ್ಷಕರ ಸಂಖ್ಯೆಗೂ ಮಿತಿ ಇದೆ. ನಡೆಯುವ ಜಾಗ ನಾಗಾನೊದ ಬಿಗ್ ಹ್ಯಾಟ್, 1998ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಐಸ್ ಹಾಕಿ ನಡೆದ ಅಂಗಳ.

ಕೋಚ್ ಜೊತೆಗಿದ್ದಾರಾ?

ಇಲ್ಲ. 2012ರಿಂದ ಹನ್ಯು ಕೆನಡಾದ ಟೊರಾಂಟೊದಲ್ಲಿ ಬ್ರಯಾನ್ ಓರ್ಸರ್ ಬಳಿ ಕಲಿಯುತ್ತಿದ್ದರು. ಈ ವರ್ಷ ಓರ್ಸರ್ ಅಲ್ಲಿ, ಇವರು ಜಪಾನ್‌ನಲ್ಲಿ. ಒಬ್ಬರೇ ಅಭ್ಯಾಸ ಮಾಡಿಕೊಂಡಿದ್ದಾರೆ.

ಫೋನ್ ಪರದೆಯಲ್ಲಿ ಪಾಠ ಕೇಳಿ ಕೇಳಿ ಸಾಕಾದ ನಮ್ಮ ಮಕ್ಕಳಿಗೆ ಈ ಉತ್ತರ ಬೇಗ ಅರ್ಥವಾಗುತ್ತದೆ. ಸ್ಕೇಟಿಂಗ್‌ನಲ್ಲಿ ಕೋಚ್ ಮಾಡುವ ದೊಡ್ಡ ಕೆಲಸ ಎಂದರೆ ಹೊರಗಿನಿಂದ ನೋಡಿ, ಹಾರುವಾಗ ಭುಜ ಎಲ್ಲಿತ್ತು, ಬ್ಲೇಡ್‌ನ ಯಾವ ಅಂಚಿನ ಮೇಲೆ ಭಾರ ಬಿತ್ತು ಅಂತ ಅಲ್ಲೇ ಹೇಳುವುದು. ಅದನ್ನು ತಾನೇ ಕಂಡುಕೊಳ್ಳಬೇಕು. ನಾಗಾನೊದಲ್ಲಿ ಮೊದಲ ದಿನ ಏನಾದರೂ ತಪ್ಪಿದರೆ ಇದನ್ನೂ ನೆನಪಿಟ್ಟುಕೊಳ್ಳಿ.

ಗೆಲ್ಲುತ್ತಾರಾ?

ಸುಲಭ ಇಲ್ಲ. ಶೋಮಾ ಉನೊ ಸತತ ನಾಲ್ಕು ಸಲ ರಾಷ್ಟ್ರೀಯ ಚಾಂಪಿಯನ್. ಕಳೆದ ವರ್ಷ ಹನ್ಯು ಉನೊಗೇ ಸೋತು ಎರಡನೆಯವರಾಗಿದ್ದರು. ಹದಿನೇಳು ವರ್ಷದ ಯುಮಾ ಕಗಿಯಾಮಾ ಕಳೆದ ತಿಂಗಳು ಒಸಾಕಾದ ಎನ್‌ಎಚ್‌ಕೆ ಟ್ರೋಫಿ (ಗ್ರ್ಯಾನ್ ಪ್ರಿ ಸರಣಿಯ ಜಪಾನ್ ಸ್ಪರ್ಧೆ) ಗೆದ್ದು ಒಳ್ಳೆ ಓಟದಲ್ಲಿದ್ದಾನೆ. ಹನ್ಯು 2012ರಿಂದ 2015ರವರೆಗೆ ನಾಲ್ಕು ಸಲ ಗೆದ್ದಿದ್ದರು. ಆಮೇಲೆ ಒಂದು ವರ್ಷ ಫ್ಲೂ, ಎರಡು ವರ್ಷ ಕಾಲು ಪೆಟ್ಟು, ಆಡಲೇ ಆಗಲಿಲ್ಲ. ಈ ಸಲ ಗೆದ್ದರೆ ಐದನೆಯದು.

ಗೆಲ್ಲಲಿ ಅಂತ ನಮಗೂ ಆಸೆ. ಆದರೆ ನಮ್ಮ ಬಳಗದಲ್ಲಿ ಒಂದು ಮಾತು ಹೇಳಿಕೊಂಡಿದ್ದೇವೆ: ಉನೊನನ್ನಾಗಲಿ ಕಗಿಯಾಮಾನನ್ನಾಗಲಿ ಬಿದ್ದುಹೋಗಲಿ ಅಂತ ಯಾರೂ ಬಾಯಲ್ಲಿ ಅನ್ನಬಾರದು. ಬೀಳುವುದು ಅಂದರೆ ಗಟ್ಟಿ ಐಸ್ ಮೇಲೆ ಸೊಂಟ ಬಡಿಯುವುದು. ಯಾರಿಗೂ ಬೇಡ.

ಕ್ವಾಡ್ ಆಕ್ಸೆಲ್ ಹಾಕುತ್ತಾರಾ? ಅದು ಏನು?

ಹಾರುವ ಬಗೆ ಆರು. ಟೋ ಲೂಪ್, ಸಾಲ್ಕೊ, ಲೂಪ್, ಫ್ಲಿಪ್, ಲಟ್ಜ್, ಆಕ್ಸೆಲ್. ಮೊದಲ ಐದರಲ್ಲಿ ಹಿಂದಕ್ಕೆ ಜಾರುತ್ತ ಹಾರುತ್ತಾರೆ. ಆಕ್ಸೆಲ್‌ನಲ್ಲಿ ಮಾತ್ರ ಮುಂದಕ್ಕೆ ನೋಡಿಕೊಂಡು ಹಾರಿ, ಹಿಮ್ಮುಖವಾಗಿ ಇಳಿಯಬೇಕು. ಅದಕ್ಕೇ ಅರ್ಧ ಸುತ್ತು ಜಾಸ್ತಿ. ಕ್ವಾಡ್ ಅಂದರೆ ನಾಲ್ಕು ಸುತ್ತಿನ ಹಾರಾಟ, ಹಾಗಾಗಿ ಕ್ವಾಡ್ ಆಕ್ಸೆಲ್ ಅಂದರೆ ಗಾಳಿಯಲ್ಲಿ ನಾಲ್ಕೂವರೆ ಸುತ್ತು. 2020ರ ಈ ಡಿಸೆಂಬರ್‌ವರೆಗೆ ಸ್ಪರ್ಧೆಯಲ್ಲಿ ಯಾರೂ ಅದನ್ನು ಪೂರ್ತಿ ಮಾಡಿ ಇಳಿದಿಲ್ಲ. ಹನ್ಯು ಅದನ್ನು ತಮ್ಮ ಕನಸು ಅಂತ ಹೇಳಿಕೊಂಡಿದ್ದಾರೆ.

ನಾಗಾನೊದಲ್ಲೇ ಹಾಕುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ಹಾಕದಿದ್ದರೂ ನಿರಾಸೆ ಬೇಡ. ಅದರ ಬದಲು ಅವರ ಟ್ರಿಪಲ್ ಆಕ್ಸೆಲ್ ಅನ್ನು ಹತ್ತಿರದಿಂದ ನೋಡಿ. ಬೇರೆಯವರು ಬಲಗಾಲಿನ ಮೇಲೆ ಹಿಂದಕ್ಕೆ ಉದ್ದಕ್ಕೆ ಜಾರಿ, ಸಾವಕಾಶವಾಗಿ ಎಡಗಾಲು ಮುಂದಿಟ್ಟು ಹಾರುತ್ತಾರೆ. ತಯಾರಿ ಕಣ್ಣಿಗೆ ಕಾಣುತ್ತದೆ. ಹನ್ಯು ಎಡಗಾಲಿನ ಮೇಲೆ ಹಿಂದಕ್ಕೆ ಬರುತ್ತಿರುತ್ತಾರೆ, ಅದೇ ಕಾಲಿನ ಮೇಲೆ ಗಕ್ಕನೆ ಮುಂದಕ್ಕೆ ತಿರುಗಿ, ಅದೇ ಕಾಲಿನಿಂದಲೇ ಮೇಲಕ್ಕೆ ಏಳುತ್ತಾರೆ. ನಡುವೆ ಉಸಿರು ತೆಗೆದುಕೊಳ್ಳುವಷ್ಟೂ ಬಿಡುವಿಲ್ಲ. ಮೂರೂವರೆ ಸುತ್ತು ಮುಗಿಸಿ ಬಲಗಾಲಿನ ಮೇಲೆ ಇಳಿದು, ಕೆಲವು ಸಲ ನಿಲ್ಲದೆ ಹಾಗೇ ಇನ್ನೊಂದು ಸುತ್ತು ಬುಗುರಿಯ ಹಾಗೆ ತಿರುಗುತ್ತ ಸಂಗೀತದ ಮುಂದಿನ ಸ್ವರಕ್ಕೆ ಹೋಗಿರುತ್ತಾರೆ. ನನಗೆ ಈ ಒಂದು ಹಾರಾಟ ಬೇರೆ ಎಷ್ಟೋ ಕ್ವಾಡ್‌ಗಳಿಗಿಂತ ಮೇಲು. ವಿಡಿಯೊದ ವೇಗ ಅರ್ಧಕ್ಕೆ ಇಳಿಸಿ ನೋಡಿ, ಪಾದ ಮಾತ್ರ ನೋಡಿ.

ಹೊಸ ಸಂಗೀತ ಯಾವುದು?

ಇವತ್ತಿನವರೆಗೆ ಹೊರಬಿದ್ದಿಲ್ಲ. ಯಾರೋ ಊಹಿಸಿ ಹೇಳಿದ್ದನ್ನು ಖಚಿತ ಅಂತ ಹಂಚಬೇಡಿ. ಅಲ್ಲೇ ಅಭ್ಯಾಸಕ್ಕೆ ಇಳಿದಾಗ ಗೊತ್ತಾಗುತ್ತದೆ.

ಅಂಕ ಹೇಗೆ ಕೊಡುತ್ತಾರೆ? ಬಿದ್ದವರೇ ಕೆಲವು ಸಲ ಗೆಲ್ಲುತ್ತಾರಲ್ಲ?

ಎರಡು ದಿನದ ಆಟ. ಮೊದಲ ದಿನ ಶಾರ್ಟ್ ಪ್ರೋಗ್ರಾಂ, ಸುಮಾರು 2 ನಿಮಿಷ 40 ಸೆಕೆಂಡ್. ಎರಡನೇ ದಿನ ಫ್ರೀ ಸ್ಕೇಟಿಂಗ್, ಸುಮಾರು 4 ನಿಮಿಷ. ಎರಡನ್ನೂ ಕೂಡಿಸುತ್ತಾರೆ.

ಪ್ರತಿ ಹಾರಾಟಕ್ಕೂ ಒಂದು ಮೂಲ ಬೆಲೆ ಇದೆ. ಟ್ರಿಪಲ್ ಆಕ್ಸೆಲ್‌ಗೆ 8.00, ಕ್ವಾಡ್ ಟೋ ಲೂಪ್‌ಗೆ 9.50, ಕ್ವಾಡ್ ಲಟ್ಜ್‌ಗೆ 11.50, ಕ್ವಾಡ್ ಆಕ್ಸೆಲ್‌ಗೆ 12.50. ಅದನ್ನು ಎಷ್ಟು ಚೆನ್ನಾಗಿ ಮಾಡಿದರು ಅಂತ ತೀರ್ಪುಗಾರರು ಮೈನಸ್ 5ರಿಂದ ಪ್ಲಸ್ 5ರವರೆಗೆ ದರ್ಜೆ ಕೊಡುತ್ತಾರೆ. ಒಂದೊಂದು ದರ್ಜೆಗೆ ಮೂಲ ಬೆಲೆಯ ಹತ್ತನೇ ಒಂದು ಭಾಗ. ಎಲ್ಲರೂ ಪ್ಲಸ್ 5 ಕೊಟ್ಟರೆ ಎಂಟರ ಟ್ರಿಪಲ್ ಆಕ್ಸೆಲ್ ಹನ್ನೆರಡಾಗುತ್ತದೆ. ಕ್ವಾಡ್ ಹಾಕಿ ತಡವರಿಸಿ ಇಳಿದವರಿಗಿಂತ ಜಾಸ್ತಿ! ಇದರ ಜೊತೆಗೆ ಜಾರುವ ಹದ, ಸಂಗೀತದ ಭಾವ, ನೃತ್ಯ ಸಂಯೋಜನೆ ಮುಂತಾದವಕ್ಕೆ ಬೇರೆ ಅಂಕ. ಬಿದ್ದರೆ ದರ್ಜೆಯೂ ಹೋಗುತ್ತದೆ, ಮೇಲಿಂದ ಒಂದು ಅಂಕ ಕಡಿತ. ಹಾಗಾಗಿ ಒಂದು ಸಲ ಬಿದ್ದವರೂ ಉಳಿದದ್ದು ಚೆನ್ನಾಗಿದ್ದರೆ ಮುಂದೆ ಬರಬಹುದು.

ರಾಷ್ಟ್ರೀಯ ಸ್ಪರ್ಧೆಯ ಅಂಕವನ್ನು ವಿಶ್ವ ದಾಖಲೆಗೆ ಸೇರಿಸುವುದಿಲ್ಲ. ಅಲ್ಲಿ 320 ಬಂದರೂ ಅದು ದೇಶದೊಳಗಿನ ಲೆಕ್ಕ.

ಗೊಂಬೆಗಳ ಮಳೆ ಈ ಸಲ ಇರುತ್ತದಾ?

ಇರುವುದಿಲ್ಲ. ಹನ್ಯುಗೆ ವಿನ್ನಿ ದ ಪೂಹ್ ಕರಡಿ ಇಷ್ಟ. ಆಟ ಮುಗಿದ ಕೂಡಲೇ ಅಭಿಮಾನಿಗಳು ಹಳದಿ ಕರಡಿ ಗೊಂಬೆಗಳನ್ನು ಐಸ್ ತುಂಬ ಎಸೆಯುತ್ತಿದ್ದರು, ಆಮೇಲೆ ಅವನ್ನು ದಾನ ಕೊಡುತ್ತಿದ್ದರು. ಈಗ ಸೋಂಕಿನ ಕಾರಣಕ್ಕೆ ಏನನ್ನೂ ಎಸೆಯುವಂತಿಲ್ಲ. ಕೂಗುವಂತಿಲ್ಲ, ಮಾಸ್ಕ್ ಹಾಕಿಕೊಂಡು ಚಪ್ಪಾಳೆ ಮಾತ್ರ.

ನಮ್ಮ ಬಳಗದ ಹುಡುಗಿಯೊಬ್ಬಳು ಇದನ್ನು ಕೇಳಿ ತುಂಬ ಅತ್ತಳು. ಆಮೇಲೆ ತನ್ನ ಬಳಿ ಇದ್ದ ಹಣದಲ್ಲಿ ಗೊಂಬೆಗಳನ್ನು ತಂದು ಮನೆಗೆಲಸದ ಅಮ್ಮನ ಮಕ್ಕಳಿಗೆ ಕೊಟ್ಟಳು. ಬೇರೆಯವರಿಗೂ ಹಾಗೆ ಮಾಡಬೇಕು ಅನ್ನಿಸಿದರೆ ಮಾಡಿ, ಬಲವಂತ ಇಲ್ಲ.

ತುಮಕೂರಿನಿಂದ ಹೇಗೆ ನೋಡುವುದು? ಎಷ್ಟು ಗಂಟೆಗೆ?

ಜಪಾನ್‌ನಲ್ಲಿ ಫುಜಿ ಟಿವಿ ತೋರಿಸುತ್ತದೆ. ನಮ್ಮ ಕೇಬಲ್‌ನಲ್ಲಿ ಹುಡುಕಿ ಪ್ರಯೋಜನ ಇಲ್ಲ. ಅಂಕಗಳನ್ನು ಜಪಾನ್ ಸ್ಕೇಟಿಂಗ್ ಒಕ್ಕೂಟದವರು ಒಬ್ಬೊಬ್ಬರ ಆಟ ಮುಗಿದ ಹಾಗೆ ಜಾಲತಾಣದಲ್ಲಿ ಹಾಕುತ್ತಾರೆ. ಸಿಕ್ಕಸಿಕ್ಕ ಲಿಂಕ್ ಒತ್ತಿ ಫೋನ್‌ಗೆ ವೈರಸ್ ತಂದುಕೊಳ್ಳಬೇಡಿ.

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಸಂಜೆ ಏಳು ಅಂದರೆ ನಮಗೆ ಮಧ್ಯಾಹ್ನ ಮೂರೂವರೆ. ನಿದ್ದೆಗೆಡಬೇಕಾಗಿಲ್ಲ. ಆದರೆ ನಮ್ಮ ಕಡೆ ದಿನಗಳೇ ಸ್ವಲ್ಪ ಇಕ್ಕಟ್ಟಾಗಿವೆ. 25ಕ್ಕೆ ಕ್ರಿಸ್‌ಮಸ್ ಜೊತೆಗೆ ವೈಕುಂಠ ಏಕಾದಶಿ. ಅಮ್ಮಂದಿರು ಉಪವಾಸ ಇರುತ್ತಾರೆ, ದೇವಸ್ಥಾನಕ್ಕೆ ಹೋಗಿಬರುವುದು ಇರುತ್ತದೆ. ಬೆಳಿಗ್ಗೆಯೇ ಹೋಗಿಬಂದರೆ ಮಧ್ಯಾಹ್ನ ಬಿಡುವು ಸಿಗುತ್ತದೆ. 27ಕ್ಕೆ ಗ್ರಾಮ ಪಂಚಾಯಿತಿ ಚುನಾವಣೆಯ ಎರಡನೇ ಹಂತ. ಡ್ಯೂಟಿ ಬಿದ್ದಿರುವ ಮೇಷ್ಟ್ರು, ಮೇಡಂಗಳು 26ಕ್ಕೇ ಪೆಟ್ಟಿಗೆ ತೆಗೆದುಕೊಂಡು ಹಳ್ಳಿಯ ಮತಗಟ್ಟೆಗೆ ಹೋಗಿರುತ್ತಾರೆ. ಫ್ರೀ ಸ್ಕೇಟಿಂಗ್ ಅದೇ ದಿನ. ನಮ್ಮಲ್ಲಿ ಅಂಥವರು ಇದ್ದಾರೆ. ಅವರಿಗೆ ಅಂಕಗಳನ್ನು ಎಸ್ಸೆಮ್ಮೆಸ್ ಕಳಿಸುತ್ತೇವೆ. ನೆಟ್‌ವರ್ಕ್ ಸಿಕ್ಕಾಗ ಬಂದು ಸೇರಲಿ.

ಎಲ್ಲರೂ ಒಂದೇ ಮನೆಯಲ್ಲಿ ಸೇರಿ ನೋಡೋಣವಾ?

ಬೇಡ. ಆಸೆ ನನಗೂ ಇದೆ. ದೊಡ್ಡ ಟಿವಿ, ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ, ಎಲ್ಲರೂ ಒಟ್ಟಿಗೆ ಉಸಿರು ಬಿಗಿಹಿಡಿದು ಕೂರುವುದು. ಆದರೆ ಜನ ಸೇರಬಾರದು ಅಂತಲೇ ಸ್ಪರ್ಧೆ ಬಿಟ್ಟವರ ಆಟ ನೋಡಲು ನಾವು ಕೋಣೆ ತುಂಬಿಕೊಳ್ಳುವುದು ಸರಿಯಲ್ಲ. ಅವರವರ ಮನೆಯಲ್ಲಿ ನೋಡೋಣ. ಫೋನ್‌ನಲ್ಲಿ ಮಾತಾಡಿಕೊಳ್ಳೋಣ. ಮನೆಯಲ್ಲಿ ವಯಸ್ಸಾದವರು, ಅಸ್ತಮಾ ಇರುವವರು ಇದ್ದರೆ ಇದನ್ನು ಇನ್ನೊಂದು ಸಲ ಹೇಳಬೇಕಾಗಿಲ್ಲ.

ನಮ್ಮ ಮಗಳಿಗೂ ಕಲಿಸಬೇಕು. ಇಲ್ಲಿ ಆಗುತ್ತದಾ?

ಐಸ್ ನಮ್ಮ ಜಿಲ್ಲೆಯಲ್ಲಿ ಇಲ್ಲ. ದೇಶದಲ್ಲೇ ಕಡಿಮೆ. ಶಿಮ್ಲಾದಲ್ಲಿ ಚಳಿಗಾಲಕ್ಕೆ ನೀರು ಹೆಪ್ಪುಗಟ್ಟಿಸುವ ಹಳೆಯ ರಿಂಕ್ ಇದೆ, ಡೆಹ್ರಾಡೂನ್‌ನಲ್ಲಿ ಒಳಾಂಗಣ ರಿಂಕ್ ಕಟ್ಟಿದ್ದಾರೆ. ಆದರೆ ಚಕ್ರದ ಸ್ಕೇಟ್ಸ್ ಇಲ್ಲೇ ಕಲಿಯಬಹುದು. ರೋಲರ್‌ನಲ್ಲೂ ಆರ್ಟಿಸ್ಟಿಕ್ ಅಂತ ವಿಭಾಗ ಇದೆ. ಆಕ್ಸೆಲ್, ಸಾಲ್ಕೊ, ಲಟ್ಜ್ ಎಲ್ಲವೂ ಅದರಲ್ಲಿವೆ, ಅದೇ ಹೆಸರಿನಲ್ಲಿ. ಸಮತೋಲ, ಅಂಚಿನ ಮೇಲೆ ನಿಲ್ಲುವುದು, ಬೀಳುವುದು ಹೇಗೆ ಅಂತ ಕಲಿಯುವುದು ಮೊದಲು. ಹೆಲ್ಮೆಟ್, ಮೊಣಕಾಲು ಕವಚಕ್ಕೆ ಹಣ ಉಳಿಸಬೇಡಿ.

ನಾನು ಹೊಸಬ. 25ರ ಒಳಗೆ ಏನು ನೋಡಲಿ?

2018ರ ಪ್ಯೋಂಗ್‌ಚಾಂಗ್ ಶಾರ್ಟ್ ಪ್ರೋಗ್ರಾಂ. ಒಲಿಂಪಿಕ್ಸ್‌ನವರ ಯೂಟ್ಯೂಬ್ ಚಾನೆಲ್‌ನಲ್ಲಿದೆ. ಮೂರು ತಿಂಗಳ ಹಿಂದೆ ಅಭ್ಯಾಸದಲ್ಲಿ ಕಾಲು ತಿರುಚಿ, ಆ ಋತುವಿನ ಉಳಿದ ಸ್ಪರ್ಧೆಗಳನ್ನೆಲ್ಲ ಬಿಟ್ಟು, ನೇರ ಒಲಿಂಪಿಕ್ಸ್‌ಗೆ ಬಂದಿದ್ದರು. ಸಂಗೀತ ಶೋಪಾನ್‌ನ ಪಿಯಾನೊ. 111.68 ಅಂಕ. ಶುರುವಿನಲ್ಲಿ ಕೆಲವು ಸೆಕೆಂಡ್ ಕದಲದೆ ನಿಂತು ಬರೀ ತಲೆ ತಿರುಗಿಸುತ್ತಾರೆ. ಅಲ್ಲಿಂದಲೇ ಗಮನ ಕೊಡಿ. ದೀರ್ಘ ಬಿಡುವಿನ ನಂತರ ಅವರು ಹೇಗೆ ಬರುತ್ತಾರೆ ಅಂತ ಕೇಳುವವರಿಗೆ ನಾನು ತೋರಿಸುವುದು ಇದನ್ನೇ.

ಕೊನೇ ಗಳಿಗೆಯಲ್ಲಿ ಬರದಿದ್ದರೆ?

ಆಗಬಹುದು. ಮೈ ಸರಿ ಇಲ್ಲದಿದ್ದರೆ, ಸೋಂಕು ಹೆಚ್ಚಾದರೆ, ಅವರಿಗೆ ಬೇಡ ಅನ್ನಿಸಿದರೆ. ಹಾಗಾದರೆ ಸಿಟ್ಟು ಮಾಡಿಕೊಂಡು ಅವರ ಬಗ್ಗೆಯಾಗಲಿ, ಒಕ್ಕೂಟದ ಬಗ್ಗೆಯಾಗಲಿ ಕೆಟ್ಟದಾಗಿ ಬರೆಯಬೇಡಿ. ಮಾರ್ಚ್ ಇದೆ. 2022ರ ಬೀಜಿಂಗ್ ಒಲಿಂಪಿಕ್ಸ್ ಇದೆ. ಅವರು ಚೆನ್ನಾಗಿದ್ದರೆ ಸಾಕು, ನೋಡುವುದು ಇನ್ನೂ ಬಾಕಿ ಇದೆ.

ಫಲಿತಾಂಶ ಗೊತ್ತಾದ ಕೂಡಲೇ ಹಾಕಬಹುದಾ?

ದಯವಿಟ್ಟು ಬೇಡ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಎರಡನೇ ಪಾಳಿ ಮಾಡುವವರು ನಮ್ಮಲ್ಲಿದ್ದಾರೆ. ಅವರು ಮನೆಗೆ ಬಂದು, ಊಟ ಮಾಡಿ, ಆಮೇಲೆ ವಿಡಿಯೊ ಹುಡುಕಿ ನೋಡಬೇಕು. ಅಂಕ ಬೇಕು ಅಂತ ಕೇಳಿದವರಿಗೆ ಮಾತ್ರ ಬೇರೆಯಾಗಿ ಕಳಿಸಿ. ಗುಂಪಿನಲ್ಲಿ ಎರಡೂ ದಿನ ಮಧ್ಯರಾತ್ರಿ ದಾಟುವ ತನಕ ಅಂಕ, ಸ್ಥಾನ, ಚಿತ್ರ, ಸ್ಟೇಟಸ್ ಏನೂ ಬೇಡ. ಬಟ್ಟೆಯ ಬಣ್ಣ ಕೂಡ ಹೇಳಬೇಡಿ, ಅದನ್ನೂ ಅವರೇ ಮೊದಲು ನೋಡಲಿ.